ಫ್ಲಾಸ್ಕಲ್ಲಿ ಒಂದು, ತಲೆಯಲ್ಲಿ ಇನ್ನೊಂದು

ರಿಟೈರ್ ಆಗೋಕೆ ಇನ್ನೂ ಎರಡು ವರ್ಷ ಇದೆ, ಆದ್ರೆ ಲ್ಯಾಬ್ ಬೇರೆ ಮಹಡಿಗೆ ಶಿಫ್ಟ್ ಆಗ್ತಿದೆ ಅಂತ ಹಳೇ ನೋಟ್‌ಬುಕ್ಕೆಲ್ಲ ಡಬ್ಬಕ್ಕೆ ತುಂಬೋ ಕೆಲಸ ಈ ವಾರ ನನ್ನ ತಲೆಗೆ ಬಂತು. ತುಂಬೋದಷ್ಟೇ ಆದ್ರೆ ಅರ್ಧ ಗಂಟೆ ಕೆಲಸ. ಒಂದನ್ನ ತೆಗೆದು ಎರಡು ಪುಟ ಓದೋಣ ಅಂತ ಕೂತ್ನೋ, ಮುಗೀತು ಕಥೆ, ಮಧ್ಯಾಹ್ನ ಹೋಗಿ ಸಂಜೆ ಆಯ್ತು, ಡಬ್ಬ ಇದ್ದಲ್ಲೇ ಇದೆ.

ಇಷ್ಟು ವರ್ಷ ಏನ್ ಮಾಡಿದ್ರಿ ಅಂತ ಯಾರಾದ್ರೂ ಕೇಳಿದ್ರೆ ನನ್ನತ್ರ ರೆಡಿ ಉತ್ತರ ಇದೆ: ಮೆದುಳಿನ ಗಡ್ಡೆ ಏನ್ ತಿಂದು ಬದುಕುತ್ತೆ ಅಂತ ನೋಡ್ತಿದ್ದೆ. ಮೆಟಬಾಲಿಸಂ ಅಂದ್ರೆ ಅಷ್ಟೇ ತಾನೇ, ಒಳಗೆ ಏನ್ ಹೋಯ್ತು, ಹೊರಗೆ ಏನ್ ಬಂತು, ಮಧ್ಯೆ ಏನಾಯ್ತು. ಕೇಳಿದವರು ತಲೆ ಆಡಿಸಿ ಸುಮ್ನಾಗ್ತಾರೆ. ಆದ್ರೆ ಈ ನೋಟ್‌ಬುಕ್ ಓದ್ತಾ ಅನ್ಸಿದ್ದೇನಂದ್ರೆ, ಪ್ರಶ್ನೆ ಸರಿಯಾಗೇ ಇತ್ತು, ನಾನು ಅದನ್ನ ಸುಮಾರು ವರ್ಷ ಕೇಳಿದ್ದು ಮಾತ್ರ ತಪ್ಪು ಜಾಗದಲ್ಲಿ.

ಮೊದಲನೇ ನೋಟ್‌ಬುಕ್‌ನ ಎರಡನೇ ಪುಟದಲ್ಲಿ ಒಂದು ಹಳದಿ ಕಲೆ ಇದೆ. ಅದು ಮೀಡಿಯಾ ಚೆಲ್ಲಿದ್ದು. ಸೆಲ್ಸ್ ಬೆಳೆಸೋ ದ್ರವಕ್ಕೆ ನಾವು ಮೀಡಿಯಾ ಅಂತೀವಿ, ಅದಕ್ಕೆ ಫಿನಾಲ್ ರೆಡ್ ಅನ್ನೋ ಬಣ್ಣ ಹಾಕಿರ್ತಾರೆ, ಹೊಸದಾಗಿ ಹಾಕಿದಾಗ ಕೆಂಪಗೆ ಇರುತ್ತೆ, ಆಸಿಡ್ ಜಾಸ್ತಿ ಆದ್ರೆ ಕಿತ್ತಳೆ ಆಗಿ ಆಮೇಲೆ ಹಳದಿಗೆ ತಿರುಗುತ್ತೆ. ನಾನು ಸೇರಿದ ಮೊದಲ ವಾರ ಶುಕ್ರವಾರ ಸಂಜೆ ಎರಡು ಫ್ಲಾಸ್ಕಿಗೆ ಮೀಡಿಯಾ ಹಾಕಿ ಹೋಗಿದ್ದೆ, ಒಂದ್ರಲ್ಲಿ ಇಲಿ ಮೆದುಳಿನ ಮಾಮೂಲಿ ಆಸ್ಟ್ರೋಸೈಟ್, ಅಂದ್ರೆ ನರಕೋಶಗಳಿಗೆ ಆಸರೆ ಕೊಡೋ ಸೆಲ್ಸ್, ಇನ್ನೊಂದ್ರಲ್ಲಿ ಗ್ಲಿಯೋಮಾ, ಅಂದ್ರೆ ಅಂಥ ಆಸರೆ ಸೆಲ್ಸ್ ಬಗೆಯ ಮೆದುಳಿನ ಗಡ್ಡೆಯ ಸೆಲ್ಸ್. ಸೋಮವಾರ ಬಂದು ಇನ್‌ಕ್ಯುಬೇಟರ್ ಬಾಗಿಲು ತೆಗೆದ್ರೆ ಮೊದಲನೇದು ಇನ್ನೂ ಕೆಂಪು, ಎರಡನೇದು ನಿಂಬೆ ಹಳದಿ. ನಾನು ಕಂಟಾಮಿನೇಷನ್ ಆಗೋಯ್ತು, ಬ್ಯಾಕ್ಟೀರಿಯಾ ಸೇರ್ಕೊಂಡ್ವು ಅಂತ ಹೆದರಿ ಗೈಡ್ ಹತ್ರ ಓಡಿದೆ. ಅವರು ಫ್ಲಾಸ್ಕನ್ನ ಬೆಳಕಿಗೆ ಹಿಡಿದು ನೋಡಿ, "ಏನೂ ಕೆಟ್ಟಿಲ್ಲಮ್ಮ, ಇದೇ ವಾರ್‌ಬರ್ಗ್ ಎಫೆಕ್ಟು, ಕಣ್ಣಲ್ಲೇ ಕಾಣ್ತಿದೆ ನೋಡು" ಅಂದ್ರು. ಆ ಖುಷಿಲಿ ಮುಚ್ಚಳ ಸರಿಯಾಗಿ ಹಾಕ್ದೇ ಚೆಲ್ಕೊಂಡಿದ್ದು ಈ ಕಲೆ.

ವಾರ್‌ಬರ್ಗ್ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಒಟ್ಟೋ ವಾರ್‌ಬರ್ಗ್, ಬರ್ಲಿನ್‌ನವರು. ಮೊದಲು ಸಮುದ್ರದ ಅರ್ಚಿನ್ ಮೊಟ್ಟೆ ಎಷ್ಟು ಆಕ್ಸಿಜನ್ ತಗೊಳ್ಳುತ್ತೆ ಅಂತ ಅಳೀತಿದ್ದ ಮನುಷ್ಯ, 1920ರ ದಶಕದಲ್ಲಿ ಅದೇ ಉಪಕರಣದ ಸುಧಾರಿಸಿದ ರೂಪದಲ್ಲಿ ಗಡ್ಡೆಗಳ ತೆಳ್ಳನೆ ಚೂರುಗಳನ್ನ ಇಟ್ಟು ನೋಡಿದ್ರು. ಮಾಮೂಲಿ ಸೆಲ್ಸ್ ಆಕ್ಸಿಜನ್ ಸಿಕ್ರೆ ಗ್ಲೂಕೋಸನ್ನ ಪೂರ್ತಿ ಸುಟ್ಟು ಹೆಚ್ಚು ಶಕ್ತಿ ತಗೋತಾವೆ, ಒಂದು ಗ್ಲೂಕೋಸಿಂದ ಹೆಚ್ಚುಕಮ್ಮಿ 30 ಎಟಿಪಿ (ಎಟಿಪಿ ಅಂದ್ರೆ ಸೆಲ್ಸ್ ಶಕ್ತಿಗೆ ಖರ್ಚು ಮಾಡೋ ಚಿಲ್ಲರೆ ಕಾಸು). ಗಡ್ಡೆ ಮಾತ್ರ ಆಕ್ಸಿಜನ್ ಇದ್ರೂ ಅರ್ಧಕ್ಕೇ ಬಿಟ್ಟು ಲ್ಯಾಕ್ಟೇಟ್ ಮಾಡಿ ಹೊರಗೆ ಉಗುಳುತ್ತೆ (ಅದ್ರ ಜೊತೆ ಬರೋ ಆಸಿಡಿಂದಲೇ ನನ್ನ ಫ್ಲಾಸ್ಕ್ ಹಳದಿ ಆಗಿದ್ದು), ಅದ್ರಲ್ಲಿ ಸಿಗೋದು ಬರೀ 2 ಎಟಿಪಿ. ಯಾಕೆ ಇಷ್ಟು ದುಂದು? ಅವರ ಪ್ರಕಾರ ಗಡ್ಡೆಯ ಉಸಿರಾಟದ ವ್ಯವಸ್ಥೆನೇ, ಅಂದ್ರೆ ಮೈಟೋಕಾಂಡ್ರಿಯಾನೇ, ಕೆಟ್ಟೋಗಿದೆ, ಕ್ಯಾನ್ಸರ್‌ಗೆ ಮೂಲ ಕಾರಣನೂ ಅದೇ. 1931ರಲ್ಲಿ ನೊಬೆಲ್ ಬಂತು (ಇದಕ್ಕಲ್ಲ, ಉಸಿರಾಟದ ಎಂಜೈಮಿನ ಕೆಲಸಕ್ಕೆ, ತುಂಬಾ ಜನ ಕನ್‌ಫ್ಯೂಸ್ ಮಾಡ್ಕೋತಾರೆ), 1970ರಲ್ಲಿ ತೀರಿಹೋಗೋವರೆಗೂ ಆ ಮಾತಿಂದ ಹಿಂದೆ ಸರೀಲಿಲ್ಲ. ಅವರು ನೋಡಿದ್ದು ಸರಿ, ಹೇಳಿದ ಕಾರಣ ಬಹುಪಾಲು ತಪ್ಪು. ಹೆಚ್ಚಿನ ಗಡ್ಡೆಗಳಲ್ಲಿ ಮೈಟೋಕಾಂಡ್ರಿಯಾ ಚೆನ್ನಾಗೇ ಕೆಲಸ ಮಾಡ್ತವೆ. ಒಂದು ಸೆಲ್ ಎರಡಾಗ್ಬೇಕಂದ್ರೆ ಶಕ್ತಿ ಒಂದೇ ಸಾಲಲ್ಲ, ಇಟ್ಟಿಗೆ ಗಾರೆನೂ ಬೇಕು, ಡಿಎನ್‌ಎಗೆ ಬೇಕಾದ ಸಕ್ಕರೆ, ಪೊರೆಗೆ ಬೇಕಾದ ಕೊಬ್ಬು, ಇವನ್ನೆಲ್ಲ ಗ್ಲೂಕೋಸಿನ ದಾರಿ ಮಧ್ಯದಿಂದಲೇ ಎತ್ಕೋಬೇಕು. ಎಲ್ಲಾನೂ ಒಲೆಗೆ ಹಾಕಿ ಸುಟ್ರೆ ಮನೆ ಕಟ್ಟೋದು ಯಾವ್ದ್ರಲ್ಲಿ?

ಹೀಗೆ ನಾನು ಫ್ಲಾಸ್ಕ್ ನಂಬ್ದೆ. ಕಣ್ಣಲ್ಲೇ ಕಾಣೋದನ್ನ ಯಾರ್ ನಂಬಲ್ಲ ಹೇಳಿ.

ಆಗ ಯಾರೂ ನನಗೆ ಒತ್ತಿ ಹೇಳದ ವಿಷ್ಯ ಏನಂದ್ರೆ, ಆ ಫ್ಲಾಸ್ಕಲ್ಲಿ ಗ್ಲೂಕೋಸ್ 25 ಮಿಲಿಮೋಲಾರ್ ಇತ್ತು. ಆರೋಗ್ಯವಂತರ ರಕ್ತದಲ್ಲಿ ಇರೋದು ಸುಮಾರು 5, ಮೆದುಳಿನ ಸೆಲ್ಸ್ ನಡುವಿನ ಸಂದಿಯಲ್ಲಿ ಅದಕ್ಕಿಂತ ಕಮ್ಮಿ. ಡಯಾಬಿಟಿಸ್ ಪೂರ್ತಿ ಕೈಮೀರಿ ಹೋದವರ ರಕ್ತದಲ್ಲಿ ಇರೋವಷ್ಟು ಸಕ್ಕರೆಯಲ್ಲಿ ಮುಳುಗಿಸಿಟ್ಟು, ಅಯ್ಯೋ ಇದು ಎಷ್ಟೊಂದು ಸಕ್ಕರೆ ತಿನ್ನುತ್ತೆ ಅಂತ ನಾನು ಬಾಯಿ ಬಿಟ್ಕೊಂಡು ನೋಡ್ತಿದ್ದೆ. ಸೆಲ್ಸ್ ಕಥೆ ಇನ್ನೂ ಚೆನ್ನಾಗಿದೆ. ನನ್ನ ಮೊದಲ ವರ್ಷಗಳ ಅರ್ಧ ಕೆಲಸ ನಡೆದಿದ್ದು ಯು87 ಅನ್ನೋ ಸೆಲ್ ಲೈನಲ್ಲಿ, ಸ್ವೀಡನ್‌ನ ಉಪ್ಸಾಲಾದಲ್ಲಿ 1960ರ ದಶಕದಲ್ಲಿ ಒಬ್ಬರು ಪೇಷಂಟ್‌ನ ಗಡ್ಡೆಯಿಂದ ಬೆಳೆಸಿದ್ದು, ಪ್ರಪಂಚದ ಎಲ್ಲಾ ಗ್ಲಿಯೋಮಾ ಲ್ಯಾಬಲ್ಲೂ ಇರೋದು. 2016ರಲ್ಲಿ ಅದೇ ಉಪ್ಸಾಲಾದವರು ಆ ಕಾಲದ ಗಡ್ಡೆ ಸ್ಯಾಂಪಲ್ಲಿನ ಡಿಎನ್‌ಎ ಜೊತೆ ತಾಳೆ ಹಾಕಿ ನೋಡಿದ್ರೆ, ನಾವೆಲ್ಲ ಬಳಸ್ತಿರೋದು ಆ ಪೇಷಂಟ್‌ದೇ ಅಲ್ಲ! ಗ್ಲಿಯೋಮಾನೇ ಇರ್ಬೇಕು, ಆದ್ರೆ ಯಾರದ್ದು ಅಂತ ಗೊತ್ತಿಲ್ಲ. ಅವತ್ತು ಲ್ಯಾಬ್ ಮೀಟಿಂಗಲ್ಲಿ ಒಬ್ಬ ಹುಡುಗ "ಹಾಗಾದ್ರೆ ಮೇಡಂ ಇಷ್ಟು ದಿನ ಇದು ಯಾರ ಮನೆ ಮಗು?" ಅಂದ, ನಕ್ಕಿದ್ದೇ ನಕ್ಕಿದ್ದು. ಆಮೇಲೆ ಯಾರೂ ನಗ್ಲಿಲ್ಲ.

ಫ್ಲಾಸ್ಕ್ ಬಿಟ್ಟು ನಿಜವಾದ ಗಡ್ಡೆಗೆ ಹೋಗ್ಬೇಕು ಅಂತ ಅನ್ಸಿದ್ದು 2002ರ ಹೊತ್ತಿಗೆ. ಆಪರೇಷನ್ ಥಿಯೇಟರ್ ಹೊರಗೆ ಕಾಯೋ ಕೆಲಸ ಅದು. ಕೈಯಲ್ಲಿ ಲಿಕ್ವಿಡ್ ನೈಟ್ರೋಜನ್ ತುಂಬಿದ ಡಬ್ಬಿ, ಮೈನಸ್ 196 ಡಿಗ್ರಿ, ಮುಚ್ಚಳದ ಸಂದಿಯಿಂದ ಹೊಗೆ, ಒಳಗೆ ಸಣ್ಣಗೆ ಕುದಿಯೋ ಸದ್ದು. ಡಾಕ್ಟ್ರು ತಲೆಬುರುಡೆ ತೆಗೆದು ಗಡ್ಡೆ ಮುಟ್ಟೋಕೇ ಎರಡು ಮೂರು ಗಂಟೆ ಆಗುತ್ತೆ, ಅಷ್ಟ್ರಲ್ಲಿ ನೈಟ್ರೋಜನ್ ಅರ್ಧ ಆರಿಹೋಗಿರುತ್ತೆ. ಆಮೇಲೆ ಬಾಗಿಲು ತೆಗೆದು ಸಿಸ್ಟರ್ ಒಂದು ಪುಟ್ಟ ಬಟ್ಟಲು ಕೊಡ್ತಾರೆ, ಅದ್ರಲ್ಲಿ ಕಡಲೆಕಾಳಿನಷ್ಟು ಬೂದು ಗುಲಾಬಿ ಚೂರು. ಚಿಮಟದಲ್ಲಿ ಹಿಡಿದು ಮುಳುಗಿಸ್ಬೇಕು, ಚುಯ್ ಅನ್ನುತ್ತೆ, ಟ್ಯೂಬಿಗೆ ಹಾಕಿ ಹೆಸರಿಲ್ಲದ ನಂಬರ್ ಬರೀಬೇಕು. ಆಮೇಲೆ ಲ್ಯಾಬಲ್ಲಿ ಅದನ್ನ ಹೆಪ್ಪುಗಟ್ಟಿದ ಹಾಗೇ ಪುಡಿ ಮಾಡಿ, ಪರ್ಕ್ಲೋರಿಕ್ ಆಸಿಡಲ್ಲಿ ಒಳಗಿರೋದನ್ನೆಲ್ಲ ಹೊರಗೆ ತೆಗೆದು, ಎನ್‌ಎಂಆರ್ ಮೆಷಿನ್ನಿಗೆ ಹಾಕಿದ್ರೆ ಒಂದು ಗೆರೆ ಬರುತ್ತೆ, ಬೆಟ್ಟ ಗುಡ್ಡದ ಹಾಗೆ, ಒಂದೊಂದು ಪೀಕೂ ಒಂದೊಂದು ಪದಾರ್ಥ. ಕೋಲೀನ್ ಎಲ್ಲಿ, ಕ್ರಿಯಾಟಿನ್ ಎಲ್ಲಿ, ಲ್ಯಾಕ್ಟೇಟ್ ಎಲ್ಲಿ ಅಂತ ನನಗೆ ಕಣ್ಣು ಮುಚ್ಚಿದ್ರೂ ಗೊತ್ತಿತ್ತು.

ಎರಡು ವರ್ಷ ಸ್ಯಾಂಪಲ್ ಸೇರಿಸಿದ್ವಿ. ಲ್ಯಾಕ್ಟೇಟ್ ಸೂಪರಾಗಿ ಬಂದಿತ್ತು. ದೊಡ್ಡ ಆಕ್ರಮಣಕಾರಿ ಗಡ್ಡೆಗಳಲ್ಲಿ ಜಾಸ್ತಿ, ನಿಧಾನವಾಗಿ ಬೆಳೆಯೋದ್ರಲ್ಲಿ ಕಮ್ಮಿ, ವಾರ್‌ಬರ್ಗ್ ನೋಡಿದ್ರೆ ಎದ್ದು ಬಂದು ಬೆನ್ನು ತಟ್ತಿದ್ರೇನೋ. ಪೇಪರ್ ಬರೆದೂ ಆಗಿತ್ತು. ಕಳಿಸೋ ಹಿಂದಿನ ವಾರ ನಾನು ಸುಮ್ನೆ, ನಿಜವಾಗ್ಲೂ ಸುಮ್ನೆ ಹೊತ್ತು ಹೋಗ್ದೆ, ಇನ್ನೊಂದು ಗ್ರಾಫ್ ಹಾಕ್ದೆ: ಒಂದು ಕಡೆ ಲ್ಯಾಕ್ಟೇಟ್, ಇನ್ನೊಂದು ಕಡೆ ಚೂರು ಕತ್ತರಿಸಿದಾಗಿಂದ ನೈಟ್ರೋಜನ್‌ಗೆ ಬೀಳೋವರೆಗೆ ಎಷ್ಟು ನಿಮಿಷ ಆಯ್ತು ಅನ್ನೋದು. ಟ್ಯೂಬ್ ಮೇಲೆ ಟೈಮ್ ಬರೆಯೋ ಅಭ್ಯಾಸ ಇದ್ದಿದ್ದು ಪುಣ್ಯ. ಚುಕ್ಕಿಗಳೆಲ್ಲ ಸ್ಕೇಲ್ ಇಟ್ಟು ಎಳೆದ ಹಾಗೆ ಸಾಲಾಗಿ ಕೂತ್ವು.

ಆಗಿದ್ದು ಇಷ್ಟು. ರಕ್ತ ನಿಂತ ತಕ್ಷಣ ಚೂರು ಸಾಯಲ್ಲ, ಬಿಸಿ ಇರೋವರೆಗೂ ಉಳಿದ ಗ್ಲೂಕೋಸನ್ನ ಆಕ್ಸಿಜನ್ ಇಲ್ದೇ ಲ್ಯಾಕ್ಟೇಟ್ ಮಾಡ್ತಾನೇ ಇರುತ್ತೆ, ಯಾವ ಅಂಗಾಂಶ ಆದ್ರೂ ಅಷ್ಟೇ. ದೊಡ್ಡ ಗಡ್ಡೆ ಕೇಸಲ್ಲಿ ರಕ್ತಸ್ರಾವ ಜಾಸ್ತಿ, ಒಳಗೆ ಎಲ್ಲರೂ ಅದರ ಹಿಂದೆ, ನಮ್ಮ ಬಟ್ಟಲನ್ನ ಯಾರು ಕೇಳ್ತಾರೆ, ಹತ್ತು ಹನ್ನೊಂದು ನಿಮಿಷ ಟ್ರೇ ಮೇಲೇ ಕೂತಿರುತ್ತೆ. ಚಿಕ್ಕ ಗಡ್ಡೆ ಕೇಸಲ್ಲಿ ಎಲ್ಲಾ ಶಾಂತ, ಎರಡೇ ನಿಮಿಷಕ್ಕೆ ಕೈಗೆ ಬರುತ್ತೆ. ಎರಡು ವರ್ಷ ನಾವು ಗಡ್ಡೆ ಅಳೆದಿರ್ಲಿಲ್ಲ, ಟ್ರೇ ಮೇಲೆ ಕಾದ ಹೊತ್ತು ಅಳೆದಿದ್ವಿ. ಗೈಡ್‌ಗೆ ಗ್ರಾಫ್ ತೋರಿಸಿದೆ. ತುಂಬಾ ಹೊತ್ತು ನೋಡಿದ್ರು, ಕನ್ನಡಕ ತೆಗೆದು ಒರೆಸ್ಕೊಂಡ್ರು, "ಪೇಪರ್ ವಾಪಸ್ ತಗೊಳ್ಳೋದೇನೂ ಇಲ್ವಲ್ಲ, ಕಳಿಸೇ ಇಲ್ಲ ಪುಣ್ಯಕ್ಕೆ" ಅಂದ್ರು. ಅಷ್ಟೇ. ಬೈದಿದ್ರೆ ಸಮಾಧಾನ ಆಗ್ತಿತ್ತು.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ, ಈ ಬರಹ ಬರೆಯೋಕೆ ಕೂತಿದ್ದೇ ಇದಕ್ಕೆ. 2003ರ ನೋಟ್‌ಬುಕ್ಕಲ್ಲಿ, ಅದೇ ಟ್ಯೂಬ್‌ಗಳ ಎನ್‌ಎಂಆರ್ ಪ್ರಿಂಟ್‌ಗಳನ್ನ ಅಂಟಿಸಿದ ಪುಟಗಳಲ್ಲಿ, ಗೆರೆಯ ಕೆಳಗಿನ ಸ್ಕೇಲಲ್ಲಿ 2.25ರ ಹತ್ರ ಮತ್ತೆ 4.02ರ ಹತ್ರ ಇರೋ ಪುಟ್ಟ ಪೀಕ್‌ಗಳಿಗೆ ಪೆನ್ಸಿಲಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ನನ್ನ ಕೈಬರಹದಲ್ಲಿ "ಕಸ?" ಅಂತ ಬರೆದಿದೆ. ಎಲ್ಲಾ ಟ್ಯೂಬಲ್ಲೂ ಇಲ್ಲ, ಕೆಲವ್ರದ್ದರಲ್ಲಿ ಮಾತ್ರ, ಅದೂ ಚಿಕ್ಕ ವಯಸ್ಸಿನವರ, ನಿಧಾನವಾಗಿ ಬೆಳೆಯೋ ಗಡ್ಡೆಗಳಲ್ಲಿ. ಗ್ಲುಟಮೇಟ್ ಪೀಕ್ ಪಕ್ಕಕ್ಕೇ ಅಂಟ್ಕೊಂಡಿರುತ್ತೆ, ಟ್ಯೂಬ್ ತೊಳೆದಿದ್ದು ಸರಿ ಆಗಿಲ್ಲ ಅಂದ್ಕೊಂಡು ಬಿಟ್ಟಿದ್ದೆ. ಲ್ಯಾಕ್ಟೇಟ್ ನಿಮಿಷಕ್ಕೆ ತಕ್ಕ ಹಾಗೆ ಕುಣೀತಿತ್ತು, ಇದು ಎರಡು ನಿಮಿಷ ಆದ್ರೂ ಹನ್ನೊಂದು ನಿಮಿಷ ಆದ್ರೂ ಅಲ್ಲಾಡಿರ್ಲಿಲ್ಲ. ಅಲ್ಲಾಡೋದನ್ನ ಹಿಡ್ಕೊಂಡು ಪೇಪರ್ ಬರೆದೆ, ಅಲ್ಲಾಡದೇ ಇರೋದಕ್ಕೆ ಕಸ ಅಂತ ಹೆಸರಿಟ್ಟೆ.

2008ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು 22 ಗ್ಲಿಯೋಬ್ಲಾಸ್ಟೋಮಾಗಳ, ಅಂದ್ರೆ ತುಂಬಾ ಆಕ್ರಮಣಕಾರಿ ಗ್ಲಿಯೋಮಾಗಳ, ಜೀನ್‌ಗಳನ್ನ ಸಾಲಾಗಿ ಓದಿ, ಯಾರೂ ನಿರೀಕ್ಷೆ ಮಾಡದ ಒಂದು ಜೀನಲ್ಲಿ ಬದಲಾವಣೆ ಇದೆ ಅಂದ್ರು: ಐಡಿಎಚ್1. ಅದು ನಮ್ಮ ಮನೆ ಎಂಜೈಮು ಸ್ವಾಮಿ, ಐಸೋಸಿಟ್ರೇಟ್ ಡಿಹೈಡ್ರೋಜಿನೇಸ್, ಬಯೋಕೆಮಿಸ್ಟ್ರಿ ಓದಿದ ಯಾರಿಗಾದ್ರೂ ಬಾಯಿಪಾಠ. ನಾವು ದಶಕಗಳಿಂದ ಮೆಟಬಾಲಿಸಂ ಅಂತ ಬಡ್ಕೊಂಡ್ರೂ ಆ ಕಡೆ ನೋಡಿರ್ಲಿಲ್ಲ, ಜೀನ್ ಓದೋರು ಬಂದು ತೋರಿಸಿ ಹೋದ್ರು. ಮರುವರ್ಷ 445 ಮೆದುಳಿನ ಗಡ್ಡೆಗಳನ್ನ ನೋಡಿದ ಇನ್ನೊಂದು ಪೇಪರ್ ಬಂತು, ಗ್ರೇಡ್ ಎರಡು ಮೂರರ (ಗ್ಲಿಯೋಬ್ಲಾಸ್ಟೋಮಾಗಿಂತ ಕಮ್ಮಿ ಆಕ್ರಮಣದ) ಆಸ್ಟ್ರೋಸೈಟೋಮಾ, ಆಲಿಗೋಡೆಂಡ್ರೋಗ್ಲಿಯೋಮಾ ಅನ್ನೋ ಗ್ಲಿಯೋಮಾಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚಲ್ಲಿ ಈ ಬದಲಾವಣೆ ಇದೆ ಅಂತ. ಅದೂ ಹೆಚ್ಚಾಗಿ ಒಂದೇ ಜಾಗದಲ್ಲಿ, 132ನೇ ಅಮೈನೋ ಆಸಿಡು, ಆರ್ಜಿನಿನ್ ಇರ್ಬೇಕಾದಲ್ಲಿ ಹಿಸ್ಟಿಡಿನ್. ಎಂಜೈಮ್ ಕೆಟ್ಟೋಗಿದೆ, ಕೆಲಸ ನಿಲ್ಲಿಸಿದೆ ಅಂತ ಎಲ್ಲರೂ ಅಂದ್ಕೊಂಡ್ರು. ಅದೇ 2009ರ ಕೊನೇಲಿ ಗೊತ್ತಾಯ್ತು, ನಿಲ್ಲಿಸಿಲ್ಲ, ಹೊಸ ಕೆಲಸ ಶುರು ಮಾಡಿದೆ. ಎಲ್ಲಾ ಸೆಲ್ಸಲ್ಲೂ ಇರೋ ಆಲ್ಫಾ ಕೀಟೋಗ್ಲುಟರೇಟನ್ನ ತಗೊಂಡು 2-ಹೈಡ್ರಾಕ್ಸಿಗ್ಲುಟರೇಟ್ ಅನ್ನೋ ಪದಾರ್ಥ ಮಾಡಿ ರಾಶಿ ಹಾಕ್ತಿದೆ. ಒಂದು ಗ್ರಾಂ ಗಡ್ಡೆಗೆ 5ರಿಂದ 35 ಮೈಕ್ರೋಮೋಲ್. ಮಾಮೂಲಿ ಮೆದುಳಲ್ಲಿ ಹುಡುಕಿದ್ರೂ ಸಿಗೋದು ಕಷ್ಟ.

ಆ ಪೇಪರ್ ಓದಿದ ಸಂಜೆ 2-ಹೈಡ್ರಾಕ್ಸಿಗ್ಲುಟರೇಟಿನ ಎನ್‌ಎಂಆರ್ ಪೀಕ್ ಎಲ್ಲೆಲ್ಲಿ ಬರುತ್ತೆ ಅಂತ ತೆಗೆದು ನೋಡ್ದೆ. 2.25. 4.02. ಲೈಟ್ ಹಾಕ್ದೇ ಕೂತಿದ್ದೆ, ಕ್ಲೀನ್ ಮಾಡೋಕೆ ಬಂದವರು "ಯಾರಿದೀರಾ ಒಳಗೆ" ಅಂತ ಕೂಗಿದ್ರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ಬೇಕು. ನಾನೇ ಮೊದಲು ಕಂಡುಹಿಡಿದಿದ್ದೆ ಅಂತ ಹೇಳೋಕೆ ಹೊರಟಿಲ್ಲ. ಪೀಕ್ ನೋಡೋದು ಬೇರೆ, ಅದು ಏನು ಅಂತ ಕೇಳೋದು ಬೇರೆ, ಕೇಳದೇ ಇರೋವರೆಗೂ ಅದು ಪೆನ್ಸಿಲ್ ಸುತ್ತು ಅಷ್ಟೇ. ಮಕ್ಕಳ ಡಾಕ್ಟ್ರುಗಳಿಗೆ ಆ ಪದಾರ್ಥ 1980ರಿಂದ್ಲೇ ಗೊತ್ತಿತ್ತು, ಹುಟ್ಟಿನಿಂದ ಬರೋ ಒಂದು ಅಪರೂಪದ ಕಾಯಿಲೆಲಿ ಮಕ್ಕಳ ಮೂತ್ರದಲ್ಲಿ ಸಿಗ್ತಿತ್ತು. ಪಕ್ಕದ ಬಿಲ್ಡಿಂಗಲ್ಲಿ ಯಾರನ್ನಾದ್ರೂ ಕೇಳಿದ್ರೂ ಆಗ್ತಿತ್ತೇನೋ. ಕೇಳ್ಲಿಲ್ಲ.

ವಿಚಿತ್ರ ಏನಂದ್ರೆ ಇದು ಊಟಕ್ಕೆ ಸಂಬಂಧಪಟ್ಟಿದ್ದೇ ಅಲ್ಲ. ಈ ಪದಾರ್ಥ ನೋಡೋಕೆ ಆಲ್ಫಾ ಕೀಟೋಗ್ಲುಟರೇಟ್ ತರಾನೇ ಇದೆ, ಹಾಗಾಗಿ ಅದರ ಜಾಗದಲ್ಲಿ ಹೋಗಿ ಕೂತು, ಡಿಎನ್‌ಎ ಮೇಲೆ, ಅದು ಸುತ್ಕೊಂಡಿರೋ ಹಿಸ್ಟೋನ್ ಪ್ರೋಟೀನ್ ಮೇಲೆ ಇರೋ, ಯಾವ ಜೀನ್ ಆನ್ ಯಾವ್ದು ಆಫ್ ಅನ್ನೋದಕ್ಕೆ ಸಂಬಂಧಪಟ್ಟ ಮೀಥೈಲ್ ಗುರುತುಗಳನ್ನ ಅಳಿಸೋ ಎಂಜೈಮ್‌ಗಳನ್ನ ತಡೆಯುತ್ತೆ. ಗುರುತು ಅಳಿಸದೇ ಕೂಡ್ತಾ ಹೋಗುತ್ತೆ, ಸೆಲ್ ಬಲಿತು ತನ್ನ ಕೆಲಸ ಕಲಿಯೋ ಬದ್ಲು ಎಳಸಾಗೇ ಉಳಿದು ಬೆಳೀತಾ ಇರುತ್ತೆ. ಗಡ್ಡೆ ಏನ್ ತಿನ್ನುತ್ತೆ ಅಂತ ನಾನು ನೋಡ್ತಿದ್ದೆ, ಅದು ಏನ್ ಉಳಿಸ್ಕೊಂಡಿದೆ ಅಂತ ನೋಡ್ಬೇಕಿತ್ತು.

ಆ ವರ್ಷಗಳಲ್ಲೇ ಇನ್ನೊಂದು ಏಟು ಬಿತ್ತು, ಅದನ್ನ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಇದ್ರಲ್ಲಿ ಒಬ್ಬ ಸ್ಟೂಡೆಂಟ್‌ನ ಮೂರು ವರ್ಷ ಹೋಗಿದೆ. ಫ್ಲಾಸ್ಕಲ್ಲಿ ಗ್ಲಿಯೋಮಾ ಸೆಲ್ಸ್‌ಗೆ ಗ್ಲುಟಮಿನ್ ಅನ್ನೋ ಅಮೈನೋ ಆಸಿಡ್ ತೆಗೆದ್ರೆ ಸಾಯ್ತಿದ್ವು, ಪಕ್ಕಾ. ಹಾಗಾದ್ರೆ ಗ್ಲುಟಮಿನ್ ಒಡೆಯೋ ಎಂಜೈಮಿನ ಜೀನನ್ನೇ ಆಫ್ ಮಾಡೋಣ, ಔಷಧಿ ಮೆದುಳಿಗೆ ಹೋಗುತ್ತೋ ಇಲ್ವೋ ಅನ್ನೋ ತಕರಾರೂ ಇರಲ್ಲ ಅಂತ, ಆಫ್ ಮಾಡಿದ ಸೆಲ್ಸನ್ನ ಇಲಿ ಮೆದುಳಿಗೆ ಹಾಕಿದ್ವಿ. ಗಡ್ಡೆ ಏನೂ ಆಗದವರ ಹಾಗೆ ಬೆಳೀತು. ಅದೇ ಸುಮಾರಿಗೆ, 2012ರಲ್ಲಿ, ಡಲ್ಲಾಸ್‌ನ ಟೆಕ್ಸಾಸ್ ಸೌತ್‌ವೆಸ್ಟರ್ನ್‌ನವರ ಕೆಲಸ ಪ್ರಕಟ ಆಯ್ತು. ಅವರು ಆಪರೇಷನ್ ನಡೀತಿರೋವಾಗ್ಲೇ ಪೇಷಂಟ್‌ನ ರಕ್ತಕ್ಕೆ ಕಾರ್ಬನ್-13 ಗುರುತು ಹಾಕಿದ ಗ್ಲೂಕೋಸ್ ಬಿಟ್ಟು, ತೆಗೆದ ಗಡ್ಡೆಯಲ್ಲಿ ಆ ಗುರುತು ಎಲ್ಲೆಲ್ಲಿ ಹೋಗಿ ಕೂತಿದೆ ಅಂತ ನೋಡಿದ್ರು. (ಎಷ್ಟು ಇದೆ ಅಂತ ಕೇಳ್ದೇ ಎಲ್ಲಿಂದ ಬಂತು ಅಂತ ಕೇಳಿದ್ರೆ ಟ್ರೇ ಕಾಟ ಎಷ್ಟೋ ಕಮ್ಮಿ ಆಗುತ್ತೆ, ಇದು ನನಗೆ ಹೊಳೀಲಿಲ್ವಲ್ಲ ಅಂತ ಈಗ್ಲೂ ಹೊಟ್ಟೆ ಉರಿಯುತ್ತೆ.) ಗಡ್ಡೆ ಗ್ಲೂಕೋಸನ್ನ ಮೈಟೋಕಾಂಡ್ರಿಯಾದಲ್ಲಿ ಚೆನ್ನಾಗಿ ಸುಡ್ತಿತ್ತು. ಮನುಷ್ಯರ ಗಡ್ಡೆಯನ್ನೇ ಇಲಿ ಮೆದುಳಲ್ಲಿ ಬೆಳೆಸಿ ನೋಡಿದಾಗ ಗ್ಲುಟಮಿನನ್ನ ಒಡೆಯೋ ಬದ್ಲು ಗ್ಲೂಕೋಸಿಂದ ತಾನೇ ತಯಾರು ಮಾಡ್ಕೋತಿತ್ತು, ನಮ್ಮ ಫ್ಲಾಸ್ಕಿಗೆ ಪೂರ್ತಿ ಉಲ್ಟಾ. ಇನ್ನೊಂದು ಒಗಟೂ ಇತ್ತು, ಮೈಟೋಕಾಂಡ್ರಿಯಾದ ಒಲೆಗೆ ಬೀಳೋ ಅಸಿಟೈಲ್ ಕೋಎ ಅನ್ನೋ ಪದಾರ್ಥದಲ್ಲಿ ಅರ್ಧಕ್ಕಿಂತ ಕಮ್ಮಿ ಮಾತ್ರ ರಕ್ತದ ಗ್ಲೂಕೋಸಿಂದ ಬಂದಿತ್ತು, ಉಳಿದಿದ್ದು ಎಲ್ಲಿಂದ? 2014ರಲ್ಲಿ ಅದೇ ಗುಂಪು ಹೇಳಿತು, ಅಸಿಟೇಟ್ ಕೂಡ ಗಡ್ಡೆಗೆ ಇಂಧನ ಅಂತ. ನಾನು ಅಲ್ಲಿವರೆಗೆ ಒಂದೇ ಒಂದು ಫ್ಲಾಸ್ಕಿಗೂ ಅಸಿಟೇಟ್ ಹಾಕಿ ನೋಡಿರ್ಲಿಲ್ಲ, ರೆಸಿಪಿಲಿ ಇರ್ಲಿಲ್ಲ ಅದಕ್ಕೆ.

ಪೇಷಂಟ್ ಮನೆಯವರು ಕೇಳೋ ಪ್ರಶ್ನೆ ಒಂದೇ, ವರ್ಷ ಎಷ್ಟಾದ್ರೂ ಬದಲಾಗಿಲ್ಲ: ಸಕ್ಕರೆ ಬಿಟ್ರೆ ಗಡ್ಡೆ ಸಾಯುತ್ತಾ ಮೇಡಂ? ನಾನು ಡಾಕ್ಟ್ರಲ್ಲ, ಟ್ರೀಟ್‌ಮೆಂಟ್ ಬಗ್ಗೆ ಏನೂ ಹೇಳಲ್ಲ, ಆದ್ರೆ ಕಾರಿಡಾರಲ್ಲಿ ಡಬ್ಬಿ ಹಿಡ್ಕೊಂಡು ನಿಂತವರನ್ನ ಜನ ಕೇಳೇ ಕೇಳ್ತಾರೆ. ನೀವು ತಿನ್ನದೇ ಇದ್ರೂ ಲಿವರ್ ರಕ್ತದ ಗ್ಲೂಕೋಸನ್ನ ಕಾಯ್ಕೊಂಡಿರುತ್ತೆ. ದೇಹದ ತೂಕದಲ್ಲಿ ನೂರಕ್ಕೆ 2 ಇರೋ ಮೆದುಳು ಶಕ್ತಿಯಲ್ಲಿ ನೂರಕ್ಕೆ 20 ತಿನ್ನುತ್ತೆ, ಅದನ್ನ ಉಪವಾಸ ಕೆಡವೋಕಾಗಲ್ಲ. ಗಡ್ಡೆಯ ಕೆಲವು ಸೆಲ್ಸ್ ಗ್ಲೂಟ್3 ಅನ್ನೋ ಬಾಗಿಲು ಇಟ್ಕೊಂಡಿರ್ತಾವೆ, ನರಕೋಶಗಳಲ್ಲಿ ಇರೋದೇ ಅದು, ಗ್ಲೂಕೋಸ್ ಕಮ್ಮಿ ಇದ್ದಾಗ್ಲೂ ಸೆಳ್ಕೊಳ್ಳೋದು. ಕೀಟೋಜೆನಿಕ್ ಡಯಟ್ ಮೇಲೆ ಸಣ್ಣ ಸಣ್ಣ ಸ್ಟಡಿ ಆಗಿವೆ, ಆಯಸ್ಸು ಹೆಚ್ಚಾಗುತ್ತೆ ಅಂತ ಗಟ್ಟಿಯಾಗಿ ತೋರಿಸಿದ್ದು ಇಲ್ಲ. ಇಷ್ಟನ್ನೂ ನಾನು ಅವರಿಗೆ ಹೇಳಲ್ಲ. ಡಾಕ್ಟ್ರನ್ನ ಕೇಳಿ, ಆದ್ರೆ ಊಟ ಬಿಡಿಸ್ಬೇಡಿ, ಶಕ್ತಿ ಬೇಕು ಅವರಿಗೆ ಅಂತೀನಿ. ಒಬ್ಬ ತಾಯಿ ಒಂದ್ಸಲ "ಅಂದ್ರೆ ನೀವು ಇಷ್ಟು ವರ್ಷ ನೋಡಿದ್ದು ಇದೇನಾ?" ಅಂತ ಕೇಳಿದ್ರು, ವ್ಯಂಗ್ಯ ಇರ್ಲಿಲ್ಲ ಅದ್ರಲ್ಲಿ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ದು. ಹೌದು ಅಂದೆ.

ಮುಂದಿನದ್ದು ನಿಮಗೆ ಗೊತ್ತಿರ್ಬಹುದು. 2012ರಲ್ಲಿ ತಲೆ ತೆರೆಯದೇನೇ ಎಂಆರ್‌ಐ ಮೆಷಿನ್ನಲ್ಲಿ ಪೇಷಂಟ್ ಮಲಗಿರೋವಾಗ್ಲೇ ಆ 2.25ರ ಪೀಕ್ ನೋಡಿದ್ರು. 2021ರ ಡಬ್ಲ್ಯುಎಚ್ಒ ವರ್ಗೀಕರಣದಲ್ಲಿ ಐಡಿಎಚ್ ಬದಲಾವಣೆ ಇದ್ರೆ ಅದಕ್ಕೆ ಗ್ಲಿಯೋಬ್ಲಾಸ್ಟೋಮಾ ಅನ್ನೋ ಹೆಸರೇ ಇಲ್ಲ ಅಂತಾಯ್ತು. 2023ರಲ್ಲಿ ವೊರಾಸಿಡೆನಿಬ್ ಅನ್ನೋ ಮಾತ್ರೆಯ ಟ್ರಯಲ್ ಫಲಿತಾಂಶ, 331 ಜನ, ಕಾಯಿಲೆ ಮುಂದುವರಿಯದೇ ನಿಂತ ಕಾಲ ಮಾತ್ರೆ ತಗೊಂಡವರಲ್ಲಿ 27.7 ತಿಂಗಳು, ಡಮ್ಮಿ ಮಾತ್ರೆಯವರಲ್ಲಿ 11.1. 2024ರ ಆಗಸ್ಟಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಅದು ಗಡ್ಡೆನ ಉಪವಾಸ ಕೆಡವಲ್ಲ, ಆ ಎಂಜೈಮಿನ ಹೊಸ ಕೆಲಸ ನಿಲ್ಲಿಸುತ್ತೆ. ಗ್ಲಿಯೋಬ್ಲಾಸ್ಟೋಮಾದವರಿಗೆ ಇದ್ರಿಂದ ಏನೂ ಇಲ್ಲ. ಅವರಿಗೆ 2005ರಲ್ಲಿ ರೇಡಿಯೇಷನ್ ಜೊತೆ ಟೆಮೊಝೋಲೊಮೈಡ್ ಅನ್ನೋ ಕೀಮೋ ಔಷಧಿ ಸೇರಿಸಿದ್ರೆ ಮೀಡಿಯನ್ ಬದುಕು (ಅರ್ಧ ಜನ ದಾಟೋ ಕಾಲ) 12.1 ತಿಂಗಳಿಂದ 14.6ಕ್ಕೆ ಏರುತ್ತೆ ಅಂತ ಬಂತಲ್ಲ, ಇವತ್ತಿಗೂ ಟ್ರೀಟ್‌ಮೆಂಟಿನ ಬುನಾದಿ ಅದೇ. ನನ್ನ ಡಬ್ಬಿಗೆ ಬಿದ್ದ ಹೆಚ್ಚಿನ ಚೂರುಗಳು ಅಂಥವರದ್ದೇ.

2003ರ ಆ ನೋಟ್‌ಬುಕ್ಕನ್ನ ಡಬ್ಬಕ್ಕೆ ಹಾಕಿಲ್ಲ, ಮೇಜಿನ ಮೇಲೇ ಇದೆ. "ಕಸ?" ಅನ್ನೋದನ್ನ ಅಳಿಸೋಣ ಅಂತ ರಬ್ಬರ್ ತಗೊಂಡಿದ್ದೆ, ಆಮೇಲೆ ಅಯ್ಯೋ ಬಿಡು ಅಂತ ಇಟ್ಟೆ.

ನಿನ್ನೆ ಹೊಸದಾಗಿ ಸೇರಿದ ಹುಡುಗಿ ಒಬ್ಬಳು ಫ್ಲಾಸ್ಕ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ಲು, ಮೀಡಿಯಾ ಹಳದಿ ಆಗಿತ್ತು, ಮುಖದಲ್ಲಿ ಗಾಬರಿ. ಕಂಟಾಮಿನೇಷನ್ ಅಲ್ಲಮ್ಮ ಅಂದೆ. ಕೂರಿಸಿ ವಾರ್‌ಬರ್ಗ್ ಕಥೆ ಹೇಳ್ದೆ, ಕಣ್ಣು ಹೊಳೀತು. "ಹಾಗಾದ್ರೆ ಮೇಡಂ ಇದು ಇಷ್ಟೊಂದು ಗ್ಲೂಕೋಸ್ ತಿನ್ನುತ್ತಾ?" ಅಂದ್ಲು.

"ನೀನು ಎಷ್ಟು ಹಾಕಿದ್ದೆ?"

ಬಾಟಲಿ ಲೇಬಲ್ ನೋಡೋಕೆ ವಾಪಸ್ ಹೋದ್ಲು. ನಾಳೆ ಬೆಳಿಗ್ಗೆ ಏಳಕ್ಕೆ ಒಂದು ಕೇಸ್ ಇದೆಯಂತೆ, ಈ ಸಲ ಅವಳನ್ನೂ ಕರ್ಕೊಂಡು ಹೋಗ್ಬೇಕು, ನೈಟ್ರೋಜನ್ ಇವತ್ತೇ ತುಂಬಿಸಿಡ್ಬೇಕು, ಮತ್ತೆ ಗೋಡೆ ಗಡಿಯಾರ ನೋಡಿ ಟೈಮ್ ಬರೀಬೇಡ, ಸ್ಟಾಪ್‌ವಾಚ್ ತಗೋ ಅಂತ ಹೇಳ್ಬೇಕು.